ಗಿರಣಿ ನಿಂತ ಮೇಲೂ ಉಳಿದ ಹೆಸರು

ಮಂಗಳೂರಿನ ಸಿಟಿ ಬಸ್ಸಿನಲ್ಲಿ ‘ಫಾದರ್ ಮುಲ್ಲರ್ ಆಸ್ಪತ್ರೆ’ ಎಂದು ಚೀಟಿ ಕೇಳಿದರೆ ಯಾವ ಕಂಡಕ್ಟರನೂ ಮರುಪ್ರಶ್ನೆ ಹಾಕುವುದಿಲ್ಲ. ಕರಾವಳಿಯ ಜನರ ಬಾಯಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಹೊರಳಿ ಹೊರಳಿ ಆ ಹೆಸರು ನಮ್ಮದೇ ಆಗಿಹೋಗಿದೆ. ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ 1841ರಲ್ಲಿ ಹುಟ್ಟಿದ ಆಗಸ್ಟಸ್ ಮುಲ್ಲರ್ ಎಂಬ ಯೇಸುಸಭೆಯ ಪಾದ್ರಿ ಮಂಗಳೂರಿಗೆ ಬಂದು, 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ಹತ್ತು ವರ್ಷಗಳ ಬಳಿಕ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನೂ ಕಟ್ಟಿದರು. 1910ರಲ್ಲಿ ಅವರು ತೀರಿಕೊಂಡರೂ ಹೆಸರು ಉಳಿಯಿತು. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಬಾಲ್ಯದಲ್ಲಿ ಮುಲ್ಲರ್ ಎಂದರೆ ‘ವೈದ್ಯ’ ಎಂಬ ಅರ್ಥವೇ ಇರಬೇಕೆಂಬ ಭಾವನೆಯಿತ್ತು. ಅದರ ಅರ್ಥ ‘ಹಿಟ್ಟಿನ ಗಿರಣಿಯವನು’ ಎಂಬುದು ತಿಳಿದದ್ದು ಬಿ.ಎಡ್. ಮುಗಿಸಿ ಮಾಸ್ತರನಾದ ಮೇಲೆ. ಹೆಸರುಗಳ ಬೆನ್ನು ಹತ್ತುವ ಚಟ ಅಂದಿನಿಂದ ನನಗೆ ಅಂಟಿಕೊಂಡಿದೆ. ಓದುಗ ಮಿತ್ರರು ಸ್ವಲ್ಪ ಹೊತ್ತು ನನ್ನೊಡನೆ ಈ ಗಿರಣಿಯವನ ಬೆನ್ನು ಹತ್ತಬೇಕೆಂದು ಕೋರುತ್ತೇನೆ.

ಜರ್ಮನಿಯಲ್ಲಿ ಇಂದಿಗೂ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಮುಲ್ಲರ್. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಹೆಚ್ಚುಕಡಿಮೆ ಅವರಲ್ಲೊಬ್ಬ ಮುಲ್ಲರ್ ಇರುತ್ತಾನೆ. ಸ್ವಿಟ್ಜರ್ಲೆಂಡಿನಲ್ಲಿಯೂ ಮೊದಲ ಸ್ಥಾನ ಇದಕ್ಕೇ. ಜರ್ಮನಿಯ ಪಟ್ಟಿಯಲ್ಲಿ ಇದರ ಹಿಂದೆ ಬರುವ ಹೆಸರುಗಳನ್ನು ನೋಡಿದರೆ ಒಂದು ಹಳೆಯ ಹಳ್ಳಿಯ ಬೀದಿಯಲ್ಲಿ ನಡೆದು ಹೋದಂತಾಗುತ್ತದೆ: ಶ್ಮಿಟ್ ಎಂದರೆ ಕಮ್ಮಾರ, ಶ್ನೈಡರ್ ಎಂದರೆ ದರ್ಜಿ, ಫಿಶರ್ ಎಂದರೆ ಮೀನುಗಾರ, ವೇಬರ್ ಎಂದರೆ ನೇಕಾರ, ವಾಗ್ನರ್ ಎಂದರೆ ಬಂಡಿ ಮಾಡುವವನು, ಬೆಕರ್ ಎಂದರೆ ರೊಟ್ಟಿ ಸುಡುವವನು. ಟೆನಿಸ್ ಅಂಗಳದಲ್ಲಿ ನಾವೆಲ್ಲ ಮೆಚ್ಚಿದ ಬೋರಿಸ್ ಬೆಕರ್ ಹೆಸರಿನ ಲೆಕ್ಕದಲ್ಲಿ ರೊಟ್ಟಿಯವನು. ಕಾರು ಪಂದ್ಯಗಳ ಮೈಕೆಲ್ ಶೂಮಾಕರ್ ಹೆಸರಿನ ಲೆಕ್ಕದಲ್ಲಿ ಜೋಡು ಹೊಲಿಯುವವನು.

ಈ ಹೆಸರುಗಳು ಬಂದ ಬಗೆ ಕುತೂಹಲಕರವಾಗಿದೆ. ಸಾವಿರ ವರ್ಷಗಳ ಹಿಂದೆ ಜರ್ಮನ್ ಸೀಮೆಯ ಜನಸಾಮಾನ್ಯರಿಗೆ ಒಂದೇ ಹೆಸರು ಇತ್ತು. ಮನೆತನದ ಹೆಸರು ಎಂಬುದಿರಲಿಲ್ಲ. 12ನೆಯ ಶತಮಾನದಿಂದೀಚೆಗೆ ಪಟ್ಟಣಗಳು ಬೆಳೆದವು, ಕಂದಾಯದ ಪಟ್ಟಿಗಳೂ ಕ್ರಯಪತ್ರಗಳೂ ಹೆಚ್ಚಿದವು. ಒಂದೇ ಊರಿನಲ್ಲಿ ಹತ್ತಾರು ಯೋಹಾನ್‌ಗಳು ಕಲೆತಾಗ ಯಾವ ಯೋಹಾನ್ ಎಂಬುದನ್ನು ಗುರುತಿಸಲೇಬೇಕಾಯಿತು. ತಂದೆಯ ಹೆಸರು, ಬಿಟ್ಟು ಬಂದ ಊರು, ಮನೆಯಿರುವ ಜಾಗ, ಮೈಬಣ್ಣ ಅಥವಾ ಸ್ವಭಾವ, ಮಾಡುವ ಕಸುಬು - ಈ ಐದರಲ್ಲಿ ಒಂದು ಬಾಲದಂತೆ ಹೆಸರಿಗೆ ಅಂಟಿಕೊಂಡಿತು. ದಕ್ಷಿಣ ಮತ್ತು ಪಶ್ಚಿಮದ ಪಟ್ಟಣಗಳಲ್ಲಿ ಈ ಪದ್ಧತಿ ಮೊದಲು ಬೇರೂರಿತು. ಹಳ್ಳಿಗಳಿಗೂ ಉತ್ತರಕ್ಕೂ ನಿಧಾನವಾಗಿ ಹರಡಿತು. ಸಮುದ್ರದಂಚಿನ ಫ್ರೀಸ್‌ಲ್ಯಾಂಡಿನ ಜನ ತಂದೆಯ ಹೆಸರನ್ನೇ ತಲೆಮಾರಿಗೊಮ್ಮೆ ಬದಲಿಸುತ್ತ ಬಂದವರು. ಅವರಿಗೆ ಸ್ಥಿರವಾದ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂಬ ಕಟ್ಟಳೆ ಬಂದದ್ದು 1811ರಲ್ಲಿ, ನೆಪೋಲಿಯನ್ನನ ಆಳ್ವಿಕೆಯಲ್ಲಿ.

ಹಾಗಾದರೆ ಎಲ್ಲ ಕಸುಬುಗಳ ನಡುವೆ ಗಿರಣಿಯವನೇ ಏಕೆ ಮುಂದಾದ? ಇದಕ್ಕೆ ಉತ್ತರ ನೀರಿನಲ್ಲಿದೆ. ರೋಮನ್ನರ ಸಂಪರ್ಕಕ್ಕೆ ಮೊದಲು ಜರ್ಮನ್ ಬುಡಕಟ್ಟುಗಳ ಹೆಂಗಸರು ನಮ್ಮ ಅಜ್ಜಿಯರಂತೆಯೇ ಬೀಸುವ ಕಲ್ಲಿನ ಮುಂದೆ ಕುಳಿತು ಕಾಳು ಬೀಸುತ್ತಿದ್ದರು. ಹರಿಯುವ ನೀರಿನಿಂದ ಚಕ್ರ ತಿರುಗಿಸಿ, ಹಲ್ಲುಗಾಲಿಗಳ ಮೂಲಕ ಆ ಬಲವನ್ನು ಕಲ್ಲಿಗೆ ಮುಟ್ಟಿಸುವ ವಿದ್ಯೆಯನ್ನು ರೋಮನ್ನರು ತಂದರು. ವಸ್ತುವಿನೊಡನೆ ಶಬ್ದವೂ ಬಂದಿತು. ಲ್ಯಾಟಿನ್ನಿನ ‘ಮೊಲಿನಾರಿಯುಸ್’ ಹಳೆಯ ಜರ್ಮನ್ನಿನಲ್ಲಿ ‘ಮುಲಿನಾರಿ’ ಆಯಿತು, ಮಧ್ಯಯುಗದಲ್ಲಿ ‘ಮ್ಯುಲ್ನೇರ್’ ಆಯಿತು, ಕೊನೆಗೆ ನಕಾರವೂ ಉದುರಿ ‘ಮುಲ್ಲರ್’ ಉಳಿಯಿತು. ಜರ್ಮನ್ನರು ಅಲ್ಲಿ ಉಚ್ಚರಿಸುವ ಸ್ವರ ನಮ್ಮ ಉಕಾರವಲ್ಲ. ‘ಉ’ ಎನ್ನುವಂತೆ ತುಟಿ ಗುಂಡಗೆ ಮಾಡಿಕೊಂಡು ‘ಇ’ ಎನ್ನಬೇಕು. ನಮ್ಮ ಕಂಡಕ್ಟರಿಗೆ ಆ ಕಷ್ಟ ಬೇಡ.

ಮಧ್ಯಯುಗದ ಹಳ್ಳಿಯಲ್ಲಿ ಉಳುವವರು ಎಲ್ಲರೂ. ‘ರೈತ’ ಎಂದು ಕರೆದರೆ ಊರೇ ಓಗೊಡುತ್ತಿತ್ತು. ಗಿರಣಿ ಮಾತ್ರ ಊರಿಗೊಂದು. ಆದುದರಿಂದ ‘ಗಿರಣಿಯ ಯೋಹಾನ್’ ಎಂದರೆ ಗೊಂದಲವೇ ಇಲ್ಲ. ಹೆಸರು ಗುರುತಾಗಬೇಕಾದರೆ ಎರಡು ಗುಣ ಬೇಕು: ಒಂದೊಂದು ಊರಿನಲ್ಲಿ ವಿರಳವಾಗಿರಬೇಕು, ಆದರೆ ಎಲ್ಲ ಊರುಗಳಲ್ಲಿಯೂ ಇರಬೇಕು. ಗಿರಣಿಯವನಿಗೂ ಕಮ್ಮಾರನಿಗೂ ಇವೆರಡೂ ಇದ್ದವು. ಜೊತೆಗೆ ಜಮೀನುದಾರನ ಕಟ್ಟಳೆಯೊಂದು ಇತ್ತು: ಅವನ ಸೀಮೆಯ ರೈತರು ಅವನು ನೇಮಿಸಿದ ಗಿರಣಿಯಲ್ಲಿಯೇ ಕಾಳು ಬೀಸಿಸಬೇಕು, ಬೇರೆ ಕಡೆ ಹೋಗಕೂಡದು. ಹೀಗಾಗಿ ಗಿರಣಿಯವನನ್ನು ಅರಿಯದ ಮನೆಯೇ ಇರಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಶ್ಮಿಟ್, ಶ್ಮಿಡ್, ಶ್ಮಿಟ್ಸ್ ಎಂಬ ಎಲ್ಲ ಕಾಗುಣಿತಗಳನ್ನೂ ಒಟ್ಟುಗೂಡಿಸಿದರೆ ಕಮ್ಮಾರನೇ ಗಿರಣಿಯವನನ್ನು ಹಿಂದೆ ಹಾಕುತ್ತಾನೆ. ಮುಲ್ಲರನಿಗೂ ಬಳಗ ಸಣ್ಣದಲ್ಲ. ಉತ್ತರದಲ್ಲಿ ಅವನು ಮೊಲ್ಲರ್, ಬವೇರಿಯಾದ ಕಡೆ ಮಿಲ್ಲರ್, ಕೆಲವೆಡೆ ಮ್ಯುಲ್ನರ್. ಲ್ಯಾಟಿನ್ ಕಲಿತ ಪಂಡಿತರು ಅದನ್ನೇ ಮೊಲಿಟೋರ್ ಎಂದು ತಿದ್ದಿಕೊಂಡರು. ಅಮೆರಿಕಕ್ಕೆ ವಲಸೆ ಹೋದ ಬಹುಮಂದಿ ಮುಲ್ಲರರು ಅಲ್ಲಿ ಮಿಲ್ಲರ್ ಆದರು. ಹಂಗೇರಿಯ ಮೊಲ್ನಾರ್, ಇಟಲಿಯ ಮೊಲಿನಾರಿ, ಫ್ರಾನ್ಸಿನ ಮ್ಯೂನಿಯೆ - ಎಲ್ಲರೂ ಒಂದೇ ಬೀಸುಗಲ್ಲಿನ ಮಕ್ಕಳು.

ಇಷ್ಟು ಹೊತ್ತು ಹೇಳಿದ್ದು ಶಬ್ದದ ಕಥೆ. ಇನ್ನು ಮಾನದ ಕಥೆ.

ಇಷ್ಟೊಂದು ಜನರಿಗೆ ಅನ್ನ ಕೊಟ್ಟ ಈ ಕಸುಬಿಗೆ ಆ ಕಾಲದಲ್ಲಿ ಗೌರವವಿತ್ತೆಂದು ತಿಳಿಯಬೇಡಿ. ಗಿರಣಿಯವನು ಕೂಲಿಯಾಗಿ ಹಿಟ್ಟಿನ ಒಂದು ಪಾಲನ್ನು ಅಳೆದುಕೊಳ್ಳುತ್ತಿದ್ದನು. ಅಳತೆಯ ಪಾತ್ರೆ ಅವನ ಕೈಯಲ್ಲಿಯೇ ಇತ್ತು. ರೈತನಿಗೆ ಸಂಶಯ ಬಾರದಿರುತ್ತದೆಯೆ? ನೀರಿನ ಆಸರೆಗಾಗಿ ಅವನ ಮನೆ ಊರ ಹೊರಗೆ, ಹೊಳೆಯ ದಂಡೆಯಲ್ಲಿ. ರಾತ್ರಿಯಿಡೀ ಅಲ್ಲಿ ಚಕ್ರದ ಸದ್ದು. ಹೀಗೆ ಸಂಶಯವೂ ದೂರವೂ ಕೂಡಿ, ಜರ್ಮನಿಯ ಅನೇಕ ಕಡೆ ಗಿರಣಿಯವನನ್ನು ‘ಮಾನವಿಲ್ಲದ ಕಸುಬಿನವನು’ ಎಂದು ಎಣಿಸಲಾಯಿತು. ನಾರುಬಟ್ಟೆಯ ನೇಕಾರರು, ಕ್ಷೌರಿಕರು, ಕುರಿ ಕಾಯುವವರು, ವಾದ್ಯ ಊದುವವರು, ಸುಂಕದವರು ಇವರೆಲ್ಲ ಅದೇ ಸಾಲಿನಲ್ಲಿದ್ದರು. ಇಂಥವರ ಮಕ್ಕಳಿಗೆ ಕುಶಲಕರ್ಮಿಗಳ ಸಂಘಗಳು ಬಾಗಿಲು ಮುಚ್ಚುತ್ತಿದ್ದವು. ಸಂಘದ ಸದಸ್ಯತ್ವ ಇಲ್ಲದಿದ್ದರೆ ಪಟ್ಟಣದಲ್ಲಿ ಕಸುಬು ಮಾಡುವಂತಿರಲಿಲ್ಲ. ಇದನ್ನು ನಿಲ್ಲಿಸಲು ಸಾಮ್ರಾಜ್ಯದ ಶಾಸನಗಳು 1548ರಲ್ಲಿ ಬಂದವು, 1577ರಲ್ಲಿ ಮತ್ತೆ ಬಂದವು, 1731ರಲ್ಲಿ ಮಗದೊಮ್ಮೆ ಬಂದವು. ಒಂದೇ ಮಾತನ್ನು ಇನ್ನೂರು ವರ್ಷ ತಿರುತಿರುಗಿ ಆಜ್ಞಾಪಿಸಬೇಕಾಯಿತೆಂದರೆ, ಆಜ್ಞೆಯನ್ನು ಜನ ಎಷ್ಟು ಲೆಕ್ಕಕ್ಕೆ ತೆಗೆದುಕೊಂಡರೆಂಬುದು ಸ್ಪಷ್ಟವಾಗುತ್ತದೆ.

ಈ ಭಾಗವನ್ನು ಓದುವಾಗಲೆಲ್ಲ ನನ್ನ ಶಿಷ್ಯನೊಬ್ಬನ ನೆನಪು ಬರುತ್ತದೆ. 1980ರ ದಶಕದಲ್ಲಿ ನಾನು ಆಗಿನ ಅವಿಭಜಿತ ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಕರಾವಳಿಯಿಂದ ಹೋದ ನನಗೆ ಅಲ್ಲಿಯ ಹಾಜರಿ ಪುಸ್ತಕವೇ ಒಂದು ಪಾಠವಾಗಿತ್ತು: ಬಡಿಗೇರ, ಕುಂಬಾರ, ಕಮ್ಮಾರ, ಪತ್ತಾರ, ಗಾಣಿಗೇರ, ಹೂಗಾರ, ತಳವಾರ, ಕುಲಕರ್ಣಿ. ಮುಂಜಾನೆ ಹೆಸರು ಕರೆದರೆ ಊರಿನ ಕಸುಬುಗಳೆಲ್ಲ ಒಂದೊಂದಾಗಿ ‘ಹಾಜರ್ ಸರ’ ಎನ್ನುತ್ತಿದ್ದವು. ಆ ಪಟ್ಟಿಯಲ್ಲಿ ಹಡಪದ ಎಂಬ ಅಡ್ಡಹೆಸರಿನ ಹುಡುಗನೊಬ್ಬನಿದ್ದ. ತಂದೆ ಸಂತೆಪೇಟೆಯಲ್ಲಿ ಕ್ಷೌರ ಮಾಡುತ್ತಿದ್ದರು. ಹುಡುಗ ಗಣಿತದಲ್ಲಿ ಗಟ್ಟಿಗ. ಆದರೆ ನಾನು ಅವನ ಹೆಸರು ಕರೆದೊಡನೆ ಹಿಂದಿನ ಬೆಂಚಿನಿಂದ ಯಾರೋ ಬಾಯಲ್ಲಿ ‘ಕಚಕಚ’ ಎಂದು ಕತ್ತರಿಯ ಸದ್ದು ಮಾಡುತ್ತಿದ್ದರು. ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ. ನಾನಿದ್ದಾಗ ಸದ್ದು ನಿಂತಿತು, ನಾನಿಲ್ಲದಾಗ ನಿಲ್ಲಲಿಲ್ಲ.

ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ಹೊತ್ತಿಗೆ ಆ ಹುಡುಗ ಬಂದು ನಿಂತ. “ಸರ, ನನ್ನ ಅಡ್ಡಹೆಸರ ತಗೀರಿ. ಊರ ಹೆಸರ ಹಾಕ್ರಿ.”

ನಾನು ಅವನಿಗೆ ಹಡಪದ ಅಪ್ಪಣ್ಣನವರ ಕಥೆ ಹೇಳಿದೆ. ಹಡಪ ಎಂದರೆ ಎಲೆ ಅಡಿಕೆಯ ಚೀಲ. ಬಸವಣ್ಣನವರಿಗೆ ತಾಂಬೂಲ ಕೊಡುತ್ತಿದ್ದ, ಅವರಿಗೆ ಅತ್ಯಂತ ಹತ್ತಿರದವರಾಗಿದ್ದ ಶರಣರ ಹೆಸರಿದು, ಸ್ವತಃ ವಚನಕಾರರು, ನಾಚಿಕೆಪಡುವಂಥದೇನಿದೆ ಎಂದೆ. ಹುಡುಗ ತಲೆ ತಗ್ಗಿಸಿ ಕೇಳಿದ. ಆಮೇಲೆ ಮೆಲ್ಲಗೆ, “ಅದು ನಿಮಗ ಗೊತ್ತೈತ್ರಿ ಸರ. ಅವರಿಗೆ ಗೊತ್ತಿಲ್ಲ” ಎಂದ.

ಮರುದಿನ ತಂದೆ ಬಂದರು. ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡು ಬಾಗಿಲಲ್ಲಿಯೇ ನಿಂತರು. ಕುರ್ಚಿ ಕೊಟ್ಟರೂ ಕೂಡಲಿಲ್ಲ. “ಹೆಸರ ನಮಗ ಏನೂ ಕೆಟ್ಟ ಮಾಡಿಲ್ರಿ ಮಾಸ್ತರ. ಇದ ಕೈ ಅನ್ನ ಕೊಟ್ಟೈತಿ. ಆದರ ಹುಡುಗ ಬ್ಯಾಡಂತಾನ. ನಾಳೆ ಹೊರಗ ಬಾಳೆ ಮಾಡಾವ ಅವ. ಅವ ಹೇಳಿದಂಗ ಬರೀರಿ” ಎಂದರು. ಅರ್ಜಿ, ಪ್ರಮಾಣಪತ್ರಗಳು ಮೇಲಿನ ಕಚೇರಿಗೆ ಹೋಗಿ ಬಂದವು. ಹೆಸರು ಬದಲಾಯಿತು.

ಬಹಳ ವರ್ಷಗಳ ಮೇಲೆ ಆತ ಬ್ಯಾಂಕಿನ ಅಧಿಕಾರಿಯಾಗಿ ನನ್ನನ್ನು ಕಾಣಲು ಬಂದಿದ್ದ. ಹೊಸ ಹೆಸರು ಹೇಗಿದೆಯಪ್ಪಾ ಎಂದೆ. ನಕ್ಕ. ವರ್ಗವಾಗಿ ಹೋದ ಊರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮನೆಯ ಒಡೆಯರು ಹೆಸರು ಕೇಳುತ್ತಾರಂತೆ. ಹೇಳಿದರೆ, “ಅದು ಊರ ಹೆಸರಾಯ್ತು, ನಿಮ್ಮ ಅಡ್ಡಹೆಸರು?” ಎನ್ನುತ್ತಾರಂತೆ. ಅದೇ ಅಡ್ಡಹೆಸರು ಎಂದರೆ, “ಹಂಗಲ್ಲ, ನೀವು ಯಾರ ಪೈಕಿ?” ಎನ್ನುತ್ತಾರಂತೆ. “ಹೆಸರ ಬದಲಾಯಿಸಿದ್ರ ಒಂದ ಪ್ರಶ್ನೆ ಹೋಗಿ ಮೂರ ಪ್ರಶ್ನೆ ಬಂದವು ಸರ” ಎಂದ. ನಗುತ್ತಲೇ ಹೇಳಿದ, ನನಗೆ ನಗು ಬರಲಿಲ್ಲ.

ಮತ್ತೆ ಜರ್ಮನಿಗೆ ಹೋಗೋಣ. ಗಿರಣಿಯವನ ಹೆಸರು ಕಾಲಾಂತರದಲ್ಲಿ ಕಸುಬಿನಿಂದ ಕಳಚಿಕೊಂಡದ್ದನ್ನು ನೋಡಲು ಎರಡು ಉದಾಹರಣೆ ಸಾಕು. ‘ಚೆಲುವೆ ಗಿರಣಿಯ ಹುಡುಗಿ’ ಎಂಬ ಅರ್ಥದ ಕವನಮಾಲೆಯನ್ನು ಬರೆದು, ಶೂಬರ್ಟನ ಸಂಗೀತದಿಂದ ಲೋಕಪ್ರಸಿದ್ಧನಾದ ಕವಿಯ ಹೆಸರು ವಿಲ್ಹೆಲ್ಮ್ ಮುಲ್ಲರ್. ಈ ಮುಲ್ಲರ್ ಗಿರಣಿಯವನ ಮಗನಲ್ಲ, ಡೆಸ್ಸಾವ್ ಪಟ್ಟಣದ ದರ್ಜಿಯೊಬ್ಬನ ಮಗ. ಇನ್ನೊಂದು ಕಡೆ, ಪ್ರಷ್ಯಾದ ಇತಿಹಾಸದ ಅತ್ಯಂತ ಪ್ರಸಿದ್ಧ ಗಿರಣಿಯವನ ಹೆಸರು ಮುಲ್ಲರ್ ಅಲ್ಲ, ಕ್ರಿಸ್ಟಿಯನ್ ಆರ್ನೋಲ್ಡ್. ಮೇಲ್ಗಡೆಯ ಜಮೀನುದಾರ ಮೀನಿನ ಕೊಳ ತೋಡಿ ನೀರು ತಡೆದನೆಂದೂ ಅದರಿಂದ ಗೇಣಿ ಕೊಡಲಾಗಲಿಲ್ಲವೆಂದೂ ಅವನ ದೂರು. ನ್ಯಾಯಾಲಯಗಳು ಅವನ ವಿರುದ್ಧ ತೀರ್ಪಿತ್ತವು. 1779ರಲ್ಲಿ ದೊರೆ ಎರಡನೆಯ ಫ್ರೆಡೆರಿಕ್ ತಾನೇ ನಡುವೆ ಬಂದು, ಗಿರಣಿಯವನ ಪರ ನಿಂತು, ನ್ಯಾಯಾಧೀಶರನ್ನೇ ಸೆರೆಗೆ ಹಾಕಿಸಿದ. ದೊರೆ ಸತ್ತ ಮೇಲೆ ಆ ನ್ಯಾಯಾಧೀಶರು ನಿರ್ದೋಷಿಗಳೆಂದಾಯಿತು. ಹೀಗೆ 18ನೆಯ ಶತಮಾನದ ಕೊನೆಗೆ ದರ್ಜಿಯ ಮನೆಯಲ್ಲಿ ಮುಲ್ಲರ್ ಇದ್ದ, ಗಿರಣಿಯಲ್ಲಿ ಆರ್ನೋಲ್ಡ್ ಇದ್ದ.

ಆ ಕವಿ ವಿಲ್ಹೆಲ್ಮ್ ಮುಲ್ಲರನ ಮಗನೇ ನಮಗೆಲ್ಲ ಪರಿಚಿತನಾದ ಮ್ಯಾಕ್ಸ್ ಮುಲ್ಲರ್. ಬರಿಯ ಮುಲ್ಲರ್ ಎಂದರೆ ಗುಂಪಿನಲ್ಲಿ ಕಳೆದುಹೋಗುತ್ತೇನೆಂದು, ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಸೇರುವಾಗ ಆತ ‘ಮ್ಯಾಕ್ಸ್’ ಎಂಬುದನ್ನು ಜೊತೆ ಮಾಡಿಕೊಂಡ. 14ನೆಯ ಶತಮಾನದಲ್ಲಿ ನಮ್ಮ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರು ರಚಿಸಿದ ಋಗ್ವೇದ ಭಾಷ್ಯವನ್ನು ಆತ 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಮುದ್ರಿಸಿ ಹೊರತಂದ. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ತನ್ನ ಹೆಸರನ್ನು ಸಂಸ್ಕೃತದಲ್ಲಿ ‘ಮೋಕ್ಷಮೂಲರ’ ಎಂದು ಬರೆದುಕೊಂಡ. ಹಿಟ್ಟಿನ ಧೂಳಿನಿಂದ ಹೊರಟ ಹೆಸರು ಮೋಕ್ಷದ ಮೂಲಕ್ಕೇ ಬಂದು ನಿಂತಿತು! ಇದಕ್ಕೂ ನಾಲ್ಕು ಶತಮಾನ ಹಿಂದೆ, 1436ರಲ್ಲಿ ಹುಟ್ಟಿದ ಯೋಹಾನಸ್ ಮುಲ್ಲರ್ ಎಂಬ ಖಗೋಳಜ್ಞ ತನ್ನ ಹೆಸರನ್ನು ಪೂರಾ ಬಿಟ್ಟ. ಕೋನಿಗ್ಸ್‌ಬರ್ಗ್ ಎಂಬ ತನ್ನ ಊರಿನ ಹೆಸರನ್ನೇ ಲ್ಯಾಟಿನ್ನಿಗೆ ತಿರುಗಿಸಿದ ‘ರೆಜಿಯೊಮೊಂಟಾನುಸ್’ ಎಂಬ ಹೆಸರಿನಿಂದಲೇ ಲೋಕ ಇಂದು ಅವನನ್ನು ಅರಿಯುವುದು. ಅಡ್ಡಹೆಸರು ಬಿಟ್ಟು ಊರ ಹೆಸರು ಇಟ್ಟುಕೊಂಡವನು ನನ್ನ ಶಿಷ್ಯನೊಬ್ಬನೇ ಅಲ್ಲ.

ಕನ್ನಡಕ್ಕೆ ಬಂದ ಜರ್ಮನ್ನರಲ್ಲಿಯೂ ಇದೇ ತಮಾಷೆ ಕಾಣುತ್ತದೆ. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ಲರ ಹೆಸರಿಗೆ ಜರ್ಮನ್ನಿನಲ್ಲಿ ಕೆಲಸದ ಹೊತ್ತು ತೊಡುವ ನಿಲುವಂಗಿ ಎಂದರ್ಥ. ಜೀಗ್ಲರ್ ಎಂದರೆ ಇಟ್ಟಿಗೆ, ಹೆಂಚು ಸುಡುವವನು. ಆದರೆ ಬಾಸೆಲ್ ಮಿಷನ್ನಿನ ಜೀಗ್ಲರರು ಹೆಂಚು ಸುಡದೆ, ಕನ್ನಡ ಕಲಿಯುವವರಿಗಾಗಿ ಪುಸ್ತಕ ಬರೆದರು. ಅದೇ ಮಿಷನ್ನು 1865ರಲ್ಲಿ ಮಂಗಳೂರಿನಲ್ಲಿ ತೆರೆದ ಹೆಂಚಿನ ಕಾರ್ಖಾನೆಗೆ ಅಡಿಗಲ್ಲಾದವರು ಪ್ಲೆಬ್ಸ್ಟ್ ಎಂಬವರು. ಬಾಸೆಲ್ ನಗರದಲ್ಲಿಯೇ 1939ರಲ್ಲಿ ಡಿಡಿಟಿಯ ಕೀಟನಾಶಕ ಗುಣವನ್ನು ಕಂಡುಹಿಡಿದು 1948ರಲ್ಲಿ ನೊಬೆಲ್ ಬಹುಮಾನ ಪಡೆದವರು ಪಾವುಲ್ ಮುಲ್ಲರ್. 1940ರ ದಶಕದಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮಲೇರಿಯಾ ಹತೋಟಿಗೆ ಗೋಡೆಗೋಡೆಗೆ ಸಿಂಪಡಿಸಿದ್ದು ಆ ಪುಡಿಯನ್ನೇ. ಅದರ ಕೆಡುಕುಗಳು ಆಮೇಲೆ ತಿಳಿದವು. ಆದರೆ ಮಲೇರಿಯಾದ ಚಳಿಯಲ್ಲಿ ಮನೆಮಂದಿಯನ್ನು ಕಳೆದುಕೊಂಡಿದ್ದ ಕಾಡಂಚಿನ ಊರುಗಳಿಗೆ ಅಂದು ಅದು ದೊಡ್ಡ ಆಸರೆಯಾಗಿತ್ತು. 2009ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹೆರ್ಟಾ ಮುಲ್ಲರ್, ಫುಟ್‌ಬಾಲಿನ ಗೆರ್ಡ್ ಮುಲ್ಲರ್, ಥಾಮಸ್ ಮುಲ್ಲರ್ - ಇವರಲ್ಲಿ ಯಾರನ್ನೂ ‘ನಿನ್ನ ಮುತ್ತಜ್ಜನ ಗಿರಣಿ ಯಾವ ಹೊಳೆಯ ಮೇಲಿತ್ತು’ ಎಂದು ಯಾರೂ ಕೇಳುವುದಿಲ್ಲ. ಶೂಮಾಕರನನ್ನು ಜೋಡು ಹೊಲಿಯುವವನೆಂದು ಅಣಕಿಸಿದವರನ್ನು ನಾನಂತೂ ಕಾಣೆ.

ಹಾಗೆಂದು ಆ ದೇಶ ಹೆಸರಿನ ವಿಷಯದಲ್ಲಿ ನಿಷ್ಪಾಪಿಯೆಂದು ಹೊಗಳುವಂತಿಲ್ಲ. 1938ರಲ್ಲಿ ಹಿಟ್ಲರನ ಸರಕಾರ ಯೆಹೂದಿ ಗಂಡಸರು ತಮ್ಮ ಹೆಸರಿನೊಡನೆ ‘ಇಸ್ರಾಯೇಲ್’ ಎಂದೂ ಹೆಂಗಸರು ‘ಸಾರಾ’ ಎಂದೂ ಕಡ್ಡಾಯವಾಗಿ ಸೇರಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿತು. ನೆರೆಹೊರೆಯವರಂತೆಯೇ ಹೆಸರಿದ್ದವರನ್ನು ಬೇರ್ಪಡಿಸಲು ಹೊಸ ಹೆಸರನ್ನೇ ಅಂಟಿಸಿದರು. ಅಂಥ ಪವಿತ್ರ ಹೆಸರುಗಳೂ ಕೊರಳಿನ ಕುಣಿಕೆಯಾದವು. ಹೆಸರಿಗೆ ತನ್ನದೇ ಆದ ಮಾನವೂ ಇಲ್ಲ, ಅವಮಾನವೂ ಇಲ್ಲ. ಅವೆರಡೂ ಕರೆಯುವವನ ನಾಲಗೆಯಲ್ಲಿವೆ ಎಂಬುದನ್ನು ನಾನು ಈ ಎರಡು ಕಥೆಗಳಿಂದ ಕಲಿತೆ.

ಗಿರಣಿಯವನ ಹೆಸರು ಹಗುರವಾದದ್ದು ಶಾಸನಗಳಿಂದ ಮಾತ್ರವಲ್ಲ. ದರ್ಜಿಯ ಮಗ ಕವಿಯಾಗಲು, ಮುಲ್ಲರನ ಮಗಳು ಶ್ಮಿಟ್ಟನ ಮನೆಯ ಸೊಸೆಯಾಗಲು ಸಾಧ್ಯವಾಯಿತು. ಕಸುಬು ಬದಲಾಯಿತು, ಸಂಬಂಧ ಬೆರೆಯಿತು. ನಾಲ್ಕಾರು ತಲೆಮಾರು ಕಳೆಯುವಷ್ಟರಲ್ಲಿ ಹೆಸರಿನಿಂದ ಏನನ್ನೂ ಊಹಿಸಲು ಆಗದಂತಾಯಿತು. ಊಹಿಸಲು ಆಗದೆ ಹೋದಾಗ ಕೇಳುವ ಚಪಲವೂ ಸತ್ತಿತು. ನಮ್ಮಲ್ಲಿ ಕಸುಬು ಬದಲಾಗಿದೆ. ಬಡಿಗೇರರು ಇಂಜಿನಿಯರರಾಗಿದ್ದಾರೆ, ಕುಂಬಾರರು ವೈದ್ಯರಾಗಿದ್ದಾರೆ, ಕಂಬಾರರು ಜ್ಞಾನಪೀಠವನ್ನೂ ಏರಿದ್ದಾರೆ. ಎರಡನೆಯ ಹೆಜ್ಜೆ, ಸಂಬಂಧ ಬೆರೆಯುವ ಹೆಜ್ಜೆ, ಇನ್ನೂ ಅಲ್ಲೊಂದು ಇಲ್ಲೊಂದು. ಅದರಿಂದಲೇ ಬಾಡಿಗೆ ಮನೆಯ ಬಾಗಿಲಲ್ಲಿ ಆ ಮೂರನೆಯ ಪ್ರಶ್ನೆ ಇನ್ನೂ ಬದುಕಿದೆ.

ಜರ್ಮನಿಯ ಹೊಳೆದಂಡೆಗಳಲ್ಲಿ ಇಂದು ನೀರಿನ ಗಿರಣಿಗಳು ಬಹುಮಟ್ಟಿಗೆ ನಿಂತುಹೋಗಿವೆ. 1994ರಿಂದ ವರ್ಷಕ್ಕೊಂದು ದಿನ, ಪೆಂಟೆಕೋಸ್ಟ್ ಹಬ್ಬದ ಮರುದಿನ ಸೋಮವಾರ, ‘ಗಿರಣಿ ದಿನ’ವೆಂದು ಹಳೆಯ ಗಿರಣಿಗಳ ಬಾಗಿಲು ತೆರೆದು ಮಕ್ಕಳಿಗೆ ತೋರಿಸುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಹಿಟ್ಟು ಮಾಡುವ ವಿದ್ಯೆ ಕಲಿಯುವ ತರುಣರಿಗೆ 2017ರಿಂದ ಸರಕಾರಿ ಕಾಗದಗಳಲ್ಲಿ ‘ಮುಲ್ಲರ್’ ಎಂಬ ಹೆಸರಿಲ್ಲ. ಸಂಸ್ಕರಣ ತಂತ್ರಜ್ಞ ಎಂಬ ಅರ್ಥದ ಉದ್ದನೆಯ ಹೆಸರೊಂದು ಬಂದಿದೆ. ಕಸುಬಿಗೆ ಆ ಹೆಸರು ಬೇಡವಾಯಿತು, ಲಕ್ಷಾಂತರ ಮನೆಗಳ ಬಾಗಿಲ ಫಲಕದಲ್ಲಿ ಮಾತ್ರ ಉಳಿಯಿತು. ಓದುವವರಿಗೆ ಅದು ಟಪಾಲು ಎಲ್ಲಿಗೆ ಹಾಕಬೇಕೆಂಬುದನ್ನು ಹೇಳುತ್ತದೆ, ಅದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ನಮ್ಮ ಬಡಿಗೇರ, ಕುಂಬಾರ, ಹಡಪದ ಎಂಬ ಸೊಗಸಾದ ಕನ್ನಡ ಶಬ್ದಗಳೂ ಅಳಿಯದೆ ಹಾಗೆಯೇ ಉಳಿಯಲಿ, ಟಪಾಲಿನವನ ಹೊರತು ಬೇರೆ ಯಾರಿಗೂ ಅವುಗಳಿಂದ ಏನೂ ತಿಳಿಯದಂಥ ಕಾಲ ಬರಲಿ ಎಂಬುದು ಹಾಜರಿ ಕರೆಯುವ ಕೆಲಸದಿಂದ ನಿವೃತ್ತನಾದ ಈ ಮಾಸ್ತರನ ಆಸೆ.